ಭಯಾನಕ, ಹಾಸ್ಯ, ವಿಡಂಬನೆ: ಇತ್ತೀಚಿನ ನಾಲ್ಕು ಚಲಚ್ಚಿತ್ರಗಳನ್ನು ಕುರಿತು

೧

ಭಯವನ್ನು ಹುಟ್ಟಿಸುವ ಚಲಚ್ಚಿತ್ರಗಳ ಬೆಲೆಯನ್ನು ಕುರಿತು ಚಿತ್ರರಸಿಕರಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಚರ್ಚೆ ಬೆಳೆದು ಬಂದಿದೆ. ಕಾಲೇಜುಗಳ ವಿದ್ಯಾರ್ಥಿಗಳೂ ಇದರಲ್ಲಿ ಉತ್ಸಾಹದಿಂದ ಪಾಲುಗೊಳ್ಳುತ್ತಾರೆ. ಒಂದು ಪಕ್ಷದವರು ಹೇಳುವುದಿಷ್ಟು: ಭೀತಿಚಿತ್ರದ ಧರ್ಮ ಭೀತಿಯನ್ನುಂಟುಮಾಡುವುದು, ನೋಡುವವನ ಎದೆ ನಡುಗದಿದ್ದರೆ, ಆ ಚಿತ್ರದಲ್ಲಿ ಎಷ್ಟೇ ದೊಡ್ಡ ಅರ್ಥವಿದ್ದರೂ ಅದು ತನ್ನ ಕೆಲಸದಲ್ಲಿ ಸೋತಿತೆಂದೇ ತಿಳಿಯಬೇಕು. ಎದುರು ಪಕ್ಷದವರ ವಾದ ಬೇರೆ: ದೆವ್ವವೆಂಬುದು ಒಂದು ನೆಪ, ಸಮಾಜದ ಯಾವುದಾದರೊಂದು ಅನ್ಯಾಯವನ್ನು ಬಯಲಿಗೆಳೆದು ವಿಡಂಬಿಸಿದಾಗಲೇ ಅಂಥ ಚಿತ್ರಕ್ಕೆ ಗೌರವ. ಇವರಿಬ್ಬರನ್ನೂ ಒಪ್ಪದ ಮೂರನೆಯವರೂ ಇದ್ದಾರೆ. ಹೆದರಿಸುತ್ತಲೇ ನಗಿಸಹೊರಟ ಚಿತ್ರ ಎರಡನ್ನೂ ಕೆಡಿಸುತ್ತದೆ, ನಕ್ಕವನು ಹೆದರಲಾರನು, ಹೆದರಿದವನು ನಗಲಾರನು ಎಂಬುದು ಅವರ ತಕರಾರು.

ಈ ಚರ್ಚೆಯನ್ನು ವಿರಾಮಕಾಲದ ಹರಟೆಯೆಂದು ತಳ್ಳಿಹಾಕುವುದು ಉಚಿತವಲ್ಲ. ಇತಿಹಾಸದ ಅಭ್ಯಾಸಿಗಳಾದ ನಮಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ಯಾವ ಜನಾಂಗದಲ್ಲಿಯೂ ದೆವ್ವದ ಕಥೆ ಶೂನ್ಯದಿಂದ ಹುಟ್ಟುವುದಿಲ್ಲ. ಸತ್ತವರಲ್ಲಿ ಯಾರು ತಿರುಗಿ ಬರುತ್ತಾರೆ, ಯಾರ ಬಾಗಿಲಿಗೆ ಬರುತ್ತಾರೆ, ಬಂದು ಏನನ್ನು ಕೇಳುತ್ತಾರೆ ಎಂಬ ವಿವರಗಳಲ್ಲಿ, ಆ ಜನರು ಬದುಕಿದ್ದವರಿಗೆ ಮಾಡಿದ ಅನ್ಯಾಯದ ಲೆಕ್ಕ ಎಷ್ಟೋ ವೇಳೆ ಅಡಗಿರುತ್ತದೆ. ನಮ್ಮ ದೇಶದಲ್ಲಂತೂ ಇದು ಕಥೆಯಲ್ಲಿಯೇ ಮುಗಿಯುವ ಮಾತಲ್ಲ. ಮಾಟಗಾತಿಯೆಂಬ ಹೆಸರು ಹೊರಿಸಿ ಹೆಂಗಸರನ್ನು ಹಿಂಸಿಸುವುದನ್ನೂ ಕೊಲ್ಲುವುದನ್ನೂ ತಡೆಯಲು ಬಿಹಾರವು ೧೯೯೯ರಲ್ಲಿ, ಜಾರ್ಖಂಡವು ೨೦೦೧ರಲ್ಲಿ, ಅಸ್ಸಾಮು ೨೦೧೫ರಲ್ಲಿ ಕಾನೂನು ಮಾಡಬೇಕಾಯಿತು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ ಕಾನೂನು ೨೦೧೭ರದು. ಇಂಥ ದೇಶದಲ್ಲಿ ಹೆಣ್ಣುದೆವ್ವವನ್ನು ತೋರಿಸಿ ಜನರನ್ನು ಹೆದರಿಸುವ ಅಥವಾ ನಗಿಸುವ ಚಿತ್ರ ಯಾರ ಕಡೆಗೆ ನಿಂತಿದೆಯೆಂದು ಕೇಳುವುದು ರಸಿಕತೆಯ ಪ್ರಶ್ನೆಯಷ್ಟೇ ಅಲ್ಲ.

ಪ್ರಕೃತ ಲೇಖನದಲ್ಲಿ ನಾಲ್ಕು ಚಿತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ಅಮೆರಿಕದ ಜೋರ್ಡಾನ್ ಪೀಲ್ ಅವರ ‘ಗೆಟ್ ಔಟ್’ (೨೦೧೭), ಅಮರ್ ಕೌಶಿಕ್ ಅವರ ಹಿಂದಿ ಚಿತ್ರ ‘ಸ್ತ್ರೀ’ (೨೦೧೮), ಅನ್ವಿತಾ ದತ್ತ್ ಅವರ ‘ಬುಲ್‌ಬುಲ್’ (೨೦೨೦), ಜೆ. ಪಿ. ತುಮಿನಾಡ್ ಅವರ ಕನ್ನಡ ಚಿತ್ರ ‘ಸು ಫ್ರಮ್ ಸೋ’ (೨೦೨೫) ಇವೇ ಆ ನಾಲ್ಕು. ನಾಲ್ಕೂ ರಸಿಕರಲ್ಲಿ ವಾದವನ್ನೆಬ್ಬಿಸಿದುವು. ಆ ವಾದದಲ್ಲಿ ಬಳಕೆಯಾಗುತ್ತಿರುವ ಅಳತೆಗೋಲುಗಳು ಸಾಲವೆಂಬುದನ್ನು ತೋರಿಸಿ, ಅವುಗಳ ಜೊತೆಗೆ ಇನ್ನೊಂದನ್ನು ಸೂಚಿಸುವುದು ನಮ್ಮ ಉದ್ದೇಶ.

೨

ನಕ್ಕವನು ಹೆದರಲಾರನೆಂಬ ಮಾತು ಹೊಸದಲ್ಲ. ನಮ್ಮ ಆಲಂಕಾರಿಕರು ಅದನ್ನು ಬಹು ಹಿಂದೆಯೇ ವಿಚಾರಿಸಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯವು ಶೃಂಗಾರದಿಂದಲೂ ಭಯಾನಕವು ಬೀಭತ್ಸದಿಂದಲೂ ಹುಟ್ಟುತ್ತವೆಂದು ಹೇಳಿದೆ. ಎಂದರೆ ಮೂಲದಲ್ಲಿಯೇ ಇವೆರಡಕ್ಕೂ ಬೇರೆ ಬೇರೆ ಕುಲ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹಾಸ್ಯಕ್ಕೆ ವಿರೋಧಿಗಳಾದ ರಸಗಳನ್ನು ಹೇಳುವಾಗ ಕರುಣದ ಜೊತೆಗೆ ಭಯಾನಕವನ್ನೂ ಹೆಸರಿಸುತ್ತಾನೆ. ಇಂದಿನ ರಸಿಕನು ತನಗರಿಯದೆಯೇ ವಿಶ್ವನಾಥನ ಪಕ್ಷವನ್ನು ಹಿಡಿದಿದ್ದಾನೆ.

ಆದರೆ ವಿಚಾರ ಅಲ್ಲಿಗೆ ನಿಲ್ಲುವುದಿಲ್ಲ. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ರಸವಿರೋಧದ ಪರಿಹಾರವನ್ನು ಹೇಳುವಾಗ ಒಂದು ಸೂಕ್ಷ್ಮವಾದ ಉಪಾಯವನ್ನು ಕೊಡುತ್ತಾನೆ. ಒಂದೇ ಆಶ್ರಯದಲ್ಲಿ ಸೇರಲಾರದ ಎರಡು ಭಾವಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇಟ್ಟರೆ ದೋಷವಿಲ್ಲವೆಂಬುದು ಅದರ ತಾತ್ಪರ್ಯ. ವೀರವೂ ಭಯವೂ ಒಬ್ಬನ ಎದೆಯಲ್ಲಿಯೇ ಇದ್ದರೆ ಎರಡೂ ಕೆಡುತ್ತವೆ. ವೀರವು ನಾಯಕನಲ್ಲಿಯೂ ಭಯವು ಅವನ ಶತ್ರುವಿನಲ್ಲಿಯೂ ಇದ್ದರೆ ಒಂದರಿಂದ ಇನ್ನೊಂದು ಬೆಳಗುತ್ತದೆ. ಇದೇ ಮಾತನ್ನು ಹಾಸ್ಯ ಭಯಾನಕಗಳಿಗೆ ಅನ್ವಯಿಸಿದರೆ ನಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಚಿತ್ರದಲ್ಲಿ ಎಷ್ಟು ಭಯ, ಎಷ್ಟು ನಗೆ ಎಂದು ತೂಗುವುದಕ್ಕೆ ಬದಲಾಗಿ, ಭಯ ಯಾರಲ್ಲಿದೆ, ನಗೆ ಯಾರ ಮೇಲೆ ಬೀಳುತ್ತದೆ ಎಂದು ಕೇಳಬೇಕಾಗುತ್ತದೆ.

ಹಾಸ್ಯಕ್ಕೂ ವಿಡಂಬನೆಗೂ ಇರುವ ಭೇದವನ್ನೂ ಇಲ್ಲಿ ಗಮನದಲ್ಲಿಡಬೇಕು. ಹಾಸ್ಯಕ್ಕೆ ನಗುವುದಕ್ಕೊಂದು ವಿಷಯವಿದ್ದರೆ ಸಾಕು. ವಿಡಂಬನೆಗೆ ಒಬ್ಬ ಆರೋಪಿ ಬೇಕು. ಆರೋಪಿಯಿಲ್ಲದ ವಿಡಂಬನೆ ಬರಿಯ ಚೇಷ್ಟೆ. ಆರೋಪಿಯ ಬದಲು ನೊಂದವನನ್ನೇ ಕಟ್ಟೆಗೆ ಹತ್ತಿಸಿದ ವಿಡಂಬನೆ ಕ್ರೌರ್ಯ. ವಿಡಂಬನೆಗೆ ನಗೆಯೇ ಅನಿವಾರ್ಯವೆಂದೂ ನಾವು ತಿಳಿಯಬೇಕಾಗಿಲ್ಲ. ಮುಂದೆ ವಿವೇಚಿಸುವ ಚಿತ್ರಗಳಲ್ಲೊಂದು ನಗೆಯಿಲ್ಲದ ವಿಡಂಬನೆಗೆ ನಿದರ್ಶನವಾಗಿದೆ.

೩

‘ಗೆಟ್ ಔಟ್’ ಚಿತ್ರದ ವಿಷಯದಲ್ಲಿ ಎದ್ದ ವಾದ ಪ್ರಸಿದ್ಧವಾದುದು. ೨೦೧೭ರ ಕೊನೆಯಲ್ಲಿ ಈ ಚಿತ್ರವನ್ನು ಗೋಲ್ಡನ್ ಗ್ಲೋಬ್ ಪ್ರಶಸ್ತಿಗಾಗಿ ಸಂಗೀತ ಮತ್ತು ಹಾಸ್ಯಚಿತ್ರಗಳ ವಿಭಾಗದಲ್ಲಿ ಪರಿಗಣಿಸಲಾಯಿತು. ಕರಿಯರ ನೋವನ್ನು ಹೇಳುವ ಕಥೆಯನ್ನು ಹಾಸ್ಯವೆನ್ನುವುದು ಅಪಮಾನವೆಂದು ಹಲವರು ಸಿಡಿದೆದ್ದರು. ನಿರ್ದೇಶಕರು ತಮ್ಮ ಚಿತ್ರ ಒಂದು ಸಾಕ್ಷ್ಯಚಿತ್ರವೆಂದು ಚುಟುಕಾಗಿ ನುಡಿದು ವಾದಕ್ಕೆ ಉತ್ತರ ಕೊಟ್ಟರು. ಮುಂದಿನ ವರ್ಷ ಚಿತ್ರಕಥೆಗಾಗಿ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಕಥೆ ಸರಳವಾದುದು. ಕ್ರಿಸ್ ಎಂಬ ಕರಿಯ ತರುಣನು ತನ್ನ ಬಿಳಿಯ ಪ್ರೇಯಸಿ ರೋಸಳ ತಂದೆತಾಯಿಗಳ ಮನೆಗೆ ಹೋಗುತ್ತಾನೆ. ಆ ಮನೆಯವರು ಉದಾರ ಮನಸ್ಸಿನವರು. ಅವಕಾಶವಿದ್ದಿದ್ದರೆ ಒಬಾಮಾರಿಗೆ ಮೂರನೆಯ ಬಾರಿಯೂ ಮತ ಹಾಕುತ್ತಿದ್ದೆನೆಂದು ಮನೆಯ ಯಜಮಾನನು ಹೇಳಿಕೊಳ್ಳುತ್ತಾನೆ. ಅದೇ ಮನೆಯ ತೋಟದಲ್ಲಿ, ಸಭ್ಯರಾದ ಅತಿಥಿಗಳು ಚೀಟಿಯಾಟದ ಸೋಗಿನಲ್ಲಿ ಸದ್ದಿಲ್ಲದೆ ಕ್ರಿಸ್‌ನ ದೇಹವನ್ನು ಹರಾಜು ಕೂಗುತ್ತಾರೆ. ಬಿಳಿಯರ ಮಿದುಳನ್ನು ಕರಿಯರ ದೇಹಕ್ಕೆ ಸೇರಿಸುವುದು ಅವರ ವ್ಯಾಪಾರ. ಅಮೆರಿಕದಲ್ಲಿ ಗುಲಾಮಗಿರಿ ೧೮೬೫ರಲ್ಲಿ ಕಾನೂನಿನಿಂದ ಕೊನೆಗೊಂಡಿತೆಂದು ನಾವು ಪಾಠ ಹೇಳುತ್ತೇವೆ. ಹರಾಜುಕಟ್ಟೆ ಹೋದ ಮೇಲೂ ಹರಾಜು ಕೂಗುವ ಕಣ್ಣು ಹೋಗಲಿಲ್ಲವೆಂಬುದನ್ನು ಈ ದೃಶ್ಯ ಮಾತಿಲ್ಲದೆ ತೋರಿಸುತ್ತದೆ.

ಇಲ್ಲಿ ಹಾಸ್ಯವೆಲ್ಲಿದೆ? ಕ್ರಿಸ್‌ನ ಗೆಳೆಯ ರಾಡ್ ಎಂಬವನಲ್ಲಿದೆ. ವಿಮಾನನಿಲ್ದಾಣದ ಭದ್ರತಾ ನೌಕರನಾದ ಈತನು ಗೆಳೆಯನಿಗೆ ಅಪಾಯವಿದೆಯೆಂದು ಊಹಿಸಿ ಪೊಲೀಸರ ಬಳಿಗೆ ಹೋಗುತ್ತಾನೆ. ಅವರು ಅವನ ಕಥೆಯನ್ನು ಕೇಳಿ ಗಹಗಹಿಸಿ ನಗುತ್ತಾರೆ. ನಾವೂ ನಗುತ್ತೇವೆ, ಆದರೆ ಅವನು ಹೇಳಿದುದರ ತಿರುಳು ನಿಜವೆಂದು ನಮಗೆ ಗೊತ್ತು. ನಿಜ ಹೇಳಿದವನು ನಗೆಗೀಡಾದನು. ಆ ನಗೆಯೇ ಆರೋಪವಾಯಿತು. ಭಯ ಕ್ರಿಸ್‌ನಲ್ಲಿ, ಹಾಸ್ಯ ರಾಡ್‌ನಲ್ಲಿ ಎಂಬ ಈ ಹಂಚಿಕೆ ಆನಂದವರ್ಧನನ ಸೂತ್ರಕ್ಕೆ ಬರೆದ ಭಾಷ್ಯದಂತಿದೆ.

ಇವೆರಡೂ ಒಂದೆಡೆ ಸೇರುವುದು ಕೊನೆಯ ದೃಶ್ಯದಲ್ಲಿ. ಕ್ರಿಸ್‌ನು ಕೊಲೆಗಾರರಿಂದ ಪಾರಾಗಿ ದಾರಿಯಲ್ಲಿ ಗಾಯಗೊಂಡ ರೋಸಳ ಬಳಿ ಇರುವಾಗ ಒಂದು ವಾಹನದ ಮಿನುಗುದೀಪಗಳು ಕಾಣಿಸುತ್ತವೆ. ಚಿತ್ರದಲ್ಲಿ ಅತ್ಯಂತ ಭಯಾನಕವಾದ ಕ್ಷಣ ಇದೇ. ಇಲ್ಲಿ ದೆವ್ವವಿಲ್ಲ, ಕತ್ತಲೆಯಿಂದ ಹಾರಿ ಬರುವ ಆಕಾರವಿಲ್ಲ. ರಕ್ಷಕರಾದ ಪೊಲೀಸರು ಬಂದರೆಂದು ತಿಳಿದು ಪ್ರೇಕ್ಷಕನು ನಡುಗುತ್ತಾನೆ! ವಾಹನದಿಂದ ಇಳಿಯುವವನು ರಾಡ್. ಕ್ರಿಸ್‌ನು ಸೆರೆಮನೆ ಸೇರುವ ಬೇರೊಂದು ಮುಕ್ತಾಯವನ್ನು ಮೊದಲು ಚಿತ್ರಿಸಲಾಗಿತ್ತು. ಪ್ರೇಕ್ಷಕನಿಗೆ ಬಿಡುಗಡೆ ಬೇಕೆಂದು ಅದನ್ನು ಬದಲಾಯಿಸಿದರು. ಮೊದಲಿನದೇ ಸತ್ಯವಾಗಿತ್ತೆಂದು ವಾದಿಸುವ ರಸಿಕರು ಇಂದಿಗೂ ಇದ್ದಾರೆ. ನಮ್ಮ ಮತದಲ್ಲಿ ಈಗಿನ ಮುಕ್ತಾಯವೇ ಮೇಲು. ಸೆರೆಮನೆಯ ದೃಶ್ಯ ಭಯವನ್ನು ಕ್ರಿಸ್‌ನ ಒಬ್ಬನ ಪಾಲಿಗೆ ಬಿಡುತ್ತಿತ್ತು. ಮಿನುಗುದೀಪದ ಆ ಕ್ಷಣ ಅದನ್ನು ನೋಡುವವನ ಎದೆಗೆ ದಾಟಿಸುತ್ತದೆ. ಇತಿಹಾಸವನ್ನು ಓದದವನೂ ಆ ಕ್ಷಣದಲ್ಲಿ ಇತಿಹಾಸವನ್ನು ಅನುಭವಿಸುತ್ತಾನೆ.

೪

‘ಸ್ತ್ರೀ’ ಚಿತ್ರದ ಕಥೆಗೆ ನಮ್ಮ ನಾಡಿನೊಡನೆ ಸಂಬಂಧವಿದೆ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಿನ ಊರುಗಳಲ್ಲಿಯೂ ಹಬ್ಬಿದ ‘ನಾಳೆ ಬಾ’ ಎಂಬ ವದಂತಿ ಹಲವರ ನೆನಪಿನಲ್ಲಿರಬಹುದು. ರಾತ್ರಿ ಒಂದು ಹೆಣ್ಣುದೆವ್ವ ಬಾಗಿಲು ತಟ್ಟುತ್ತದೆ, ಮನೆಯವರ ದನಿಯಲ್ಲಿಯೇ ಕೂಗುತ್ತದೆ, ಬಾಗಿಲು ತೆರೆದವನಿಗೆ ಸಾವು ತಪ್ಪದು ಎಂಬುದು ಅದರ ಸಾರಾಂಶ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಅದು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ. ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ಕಂಡವರಿಗೆ ಈ ಜಾಣತನದ ಮೂಲ ಹೊಳೆಯದಿರದು. ಸಾಲಗಾರನನ್ನು ಸಾಗಹಾಕುವ ಉಪಾಯದಿಂದಲೇ ಜನ ದೆವ್ವವನ್ನೂ ಸಾಗಹಾಕಿದರು. ಆದುದರಿಂದ ಭಯದಲ್ಲಿ ಹಾಸ್ಯವನ್ನು ಬೆರೆಸಿದವರು ಚಿತ್ರ ತೆಗೆದವರಲ್ಲ. ಜನಪದದ ಕಥೆಯಲ್ಲಿಯೇ ಅದು ಬೆರೆತಿತ್ತು.

ಚಿತ್ರದಲ್ಲಿ ಈ ಕಥೆ ಮಧ್ಯಪ್ರದೇಶದ ಚಂದೇರಿಗೆ ಹೋಗಿದೆ. ಸೀರೆಗೆ ಹೆಸರಾದ ಆ ಊರಿನಲ್ಲಿ ವರ್ಷಕ್ಕೊಮ್ಮೆ ಪೂಜೆಯ ದಿನಗಳಲ್ಲಿ ‘ಸ್ತ್ರೀ’ ಬರುತ್ತಾಳೆ. ಗಂಡಸರನ್ನು ಹೊತ್ತೊಯ್ದು ಅವರ ಬಟ್ಟೆಗಳನ್ನು ಮಾತ್ರ ಬಿಟ್ಟುಹೋಗುತ್ತಾಳೆ. ಗೋಡೆಗಳ ಮೇಲೆ ‘ಸ್ತ್ರೀಯೇ, ನಾಳೆ ಬಾ’ ಎಂದು ಬರೆದಿದೆ. ಕತ್ತಲಾದ ಮೇಲೆ ಗಂಡಸು ಒಬ್ಬನೇ ಹೊರಗೆ ಹೋಗಬಾರದು, ಬೇಗ ಮನೆ ಸೇರಬೇಕು, ಹಿಂದಿನಿಂದ ಕರೆದರೆ ತಿರುಗಿ ನೋಡಬಾರದು ಎಂಬ ಕಟ್ಟಳೆಗಳು ಹುಟ್ಟುತ್ತವೆ. ಈ ಕಟ್ಟಳೆಗಳನ್ನು ಯಾರು ಯಾರಿಗೆ ಹೇಳುತ್ತ ಬಂದಿದ್ದಾರೆಂಬುದನ್ನು ವಿವರಿಸಬೇಕಾಗಿಲ್ಲ. ಊರಿನ ಪುಸ್ತಕವ್ಯಾಪಾರಿ ರುದ್ರನು, ಈ ದೆವ್ವ ಓದುಬರಹ ಬಲ್ಲದು, ಮನುಷ್ಯನ ಒಪ್ಪಿಗೆಯನ್ನು ಕೇಳಿಯೇ ಮುಟ್ಟುತ್ತದೆ ಎಂದು ವ್ಯಾಖ್ಯಾನ ಮಾಡುತ್ತಾನೆ. ಗಂಡಸು ತೋರದ ಮರ್ಯಾದೆಯನ್ನು ದೆವ್ವ ತೋರುತ್ತದೆಂಬ ಚುಚ್ಚು ಅದರಲ್ಲಿದೆ.

ಭಯದ ಆಶ್ರಯವನ್ನು ಹೆಣ್ಣಿನಿಂದ ಗಂಡಿಗೆ ಬದಲಾಯಿಸಿದುದು ಈ ಚಿತ್ರದ ಗೆಲುವು. ಹೆದರಿದವನನ್ನು ಕಂಡು ನಗುವುದು ಸಾಮಾನ್ಯವಾಗಿ ಅನ್ಯಾಯ. ಆದರೆ ಇಲ್ಲಿ ಹೆದರಿದವನು ಇದುವರೆಗೆ ಹೆದರಿಸಿದವನೇ ಆದಕಾರಣ ನಗೆ ನ್ಯಾಯವಾಗುತ್ತದೆ. ಚಿತ್ರ ಸಾಕಷ್ಟು ಹೆದರಿಸಲಿಲ್ಲವೆಂದು ದೂರುವವರು ಈ ಹಂಚಿಕೆಯನ್ನು ಗಮನಿಸಿದಂತೆ ಕಾಣುವುದಿಲ್ಲ. ನೋಡುವವನಿಗಿಂತ ಪಾತ್ರ ಹೆಚ್ಚಾಗಿ ಹೆದರಬೇಕಾದುದು ಈ ಕಥೆಗೆ ಅವಶ್ಯಕ. ಸ್ತ್ರೀಯು ಬದುಕಿದ್ದಾಗ ಒಬ್ಬ ಗಣಿಕೆ. ಎಲ್ಲರೂ ಬಯಸಿದ, ಒಬ್ಬನು ಮಾತ್ರ ಪ್ರೀತಿಸಿದ ಹೆಂಗಸು. ಮದುವೆಯ ರಾತ್ರಿಯೇ ಊರಿನವರ ಕೈಯಲ್ಲಿ ಹತಳಾದವಳು. ಅವಳನ್ನು ತಡೆಯಬಲ್ಲ ವಿಕ್ಕಿಯೆಂಬ ದರ್ಜಿಯೂ ಗಣಿಕೆಯ ಮಗನೇ. ಮರ್ಯಾದಸ್ಥರ ಊರನ್ನು ಕಾಯಲು ಮರ್ಯಾದೆಯ ಹೊರಗಿನವನೇ ಬೇಕಾದನು.

ನಮ್ಮ ಆಕ್ಷೇಪವಿರುವುದು ಮುಕ್ತಾಯದಲ್ಲಿ. ಊರಿನವರು ಅವಳದೊಂದು ಪ್ರತಿಮೆಯನ್ನು ನಿಲ್ಲಿಸುತ್ತಾರೆ; ಗೋಡೆಯ ಬರಹ ‘ನಾಳೆ ಬಾ’ ಎಂಬುದರಿಂದ ‘ರಕ್ಷಿಸು’ ಎಂಬುದಕ್ಕೆ ತಿರುಗುತ್ತದೆ. ರಸಿಕರಲ್ಲಿ ಅನೇಕರು ಇದನ್ನು ಪಶ್ಚಾತ್ತಾಪವೆಂದು ಮೆಚ್ಚಿಕೊಂಡರು. ಕರ್ನಾಟಕದ ಹಳ್ಳಿಗಳನ್ನು ಸುತ್ತಿದ ಇತಿಹಾಸಕಾರನಿಗೆ ಈ ದೃಶ್ಯ ಅಷ್ಟು ಸುಲಭವಾಗಿ ಹಿಡಿಸದು. ಬಳೆ ತೊಟ್ಟ ಕೈಯನ್ನು ಎತ್ತಿ ನಿಂತ ಮಾಸ್ತಿಕಲ್ಲುಗಳು ನಮ್ಮಲ್ಲಿ ಎಷ್ಟಿಲ್ಲ! ಅವುಗಳಿಗೆ ಕುಂಕುಮವಿದೆ, ಹೂವಿದೆ, ಹರಕೆಯಿದೆ. ಎಷ್ಟೋ ಕಲ್ಲುಗಳ ಮೇಲೆ ಒಂದಕ್ಷರದ ಬರಹವೂ ಇಲ್ಲ. ಕೊಂದವರು ಪೂಜಿಸಲು ತೊಡಗಿದೊಡನೆ ಸತ್ತವಳ ಹೆಸರು ಕೇಳುವ ಅಗತ್ಯ ಯಾರಿಗೂ ಉಳಿಯುವುದಿಲ್ಲ. ಚಂದೇರಿಯ ಗಣಿಕೆಗೂ ಚಿತ್ರವು ಹೆಸರು ಕೊಡಲಿಲ್ಲ. ಆರೋಪಿಗಳಾದ ಊರಿನವರು ಭಕ್ತರಾದರು. ವಿಡಂಬನೆ ಅಲ್ಲಿಗೆ ಕೈಚೆಲ್ಲಿತು.

೨೦೨೪ರಲ್ಲಿ ಬಂದ ಎರಡನೆಯ ಭಾಗದಲ್ಲಿ ಈ ದೌರ್ಬಲ್ಯ ಇನ್ನಷ್ಟು ಹೆಚ್ಚಿತು. ಆಧುನಿಕ ವಿಚಾರದ ಹೆಂಗಸರನ್ನು ಹೊತ್ತೊಯ್ಯುವ ತಲೆಯಿಲ್ಲದ ಪಿಶಾಚವೊಂದು ಅಲ್ಲಿ ಪ್ರತಿನಾಯಕ. ಊರಿನ ಪ್ರತಿಯೊಂದು ಮನೆಯಲ್ಲಿಯೂ ಇದ್ದ ದೋಷವನ್ನು ಒಂದು ರಾಕ್ಷಸನ ತಲೆಗೆ, ತಲೆಯೇ ಇಲ್ಲದವನ ತಲೆಗೆ, ಕಟ್ಟಿದಂತಾಯಿತು. ಹಣಗಳಿಕೆಯಲ್ಲಿ ಅದು ಹಿಂದಿಯ ಮೊದಲ ಸಾಲಿನ ಚಿತ್ರಗಳಲ್ಲೊಂದಾಯಿತು. ವಿಡಂಬನೆಯಾಗಿ ಮೊದಲನೆಯದಕ್ಕೆ ಸಮನಾಗಲಿಲ್ಲ.

೫

‘ಬುಲ್‌ಬುಲ್’ ಚಿತ್ರವನ್ನು ಕುರಿತ ದೂರು, ಅದು ಹೆದರಿಸುವುದಿಲ್ಲವೆಂಬುದು. ಕೊಲ್ಲುವ ದೆವ್ವ ಯಾರೆಂಬುದು ಬೇಗನೆ ತಿಳಿದುಹೋಗುತ್ತದೆಂಬುದು. ದೂರು ನಿಜವಾದರೂ ಅದು ಮುಖ್ಯವಾದುದನ್ನು ಬಿಟ್ಟಿದೆ.

ಕಥೆ ೧೮೮೧ರ ಬಂಗಾಳದಲ್ಲಿ ಮೊದಲಾಗಿ ಇಪ್ಪತ್ತು ವರ್ಷಗಳ ಅನಂತರಕ್ಕೆ ಸಾಗುತ್ತದೆ. ಮೊದಲಿನಲ್ಲಿಯೇ, ಮದುವೆಗೆ ಸಿದ್ಧಳಾಗುತ್ತಿರುವ ಪುಟ್ಟ ಹುಡುಗಿ ಕಾಲುಂಗುರವನ್ನು ಏಕೆ ತೊಡಬೇಕೆಂದು ಕೇಳುತ್ತಾಳೆ. ಅಲ್ಲೊಂದು ನರವಿದೆ, ಅದನ್ನು ಒತ್ತದಿದ್ದರೆ ಹುಡುಗಿಯರು ಹಾರಿಹೋಗುತ್ತಾರೆಂದು ಹಿರಿಯಳು ಹೇಳುತ್ತಾಳೆ. ಹುಡುಗಿ ಬೆಳೆದ ಮೇಲೆ ಸಂಶಯಗೊಂಡ ಗಂಡನು ಅವಳ ಪಾದಗಳನ್ನು ಹೊಡೆದು ಮುರಿಯುತ್ತಾನೆ. ಹಿಂದುಮುಂದಾದ ಪಾದಗಳುಳ್ಳ ಹೆಣ್ಣುದೆವ್ವವನ್ನು ಉತ್ತರದೇಶದ ಜನಪದ ಬಹುಕಾಲದಿಂದ ಬಲ್ಲದು. ಆ ಪಾದಗಳು ತಿರುಗಿದುದು ಹೇಗೆ ಎಂದು ಈ ಚಿತ್ರ ಕೇಳಿತು. ಕಾಲುಂಗುರದಿಂದ ಮುರಿದ ಪಾದಕ್ಕೆ, ಮುರಿದ ಪಾದದಿಂದ ದೆವ್ವದ ಪಾದಕ್ಕೆ ಎಳೆದ ಈ ಗೆರೆ, ಒಂದು ನಂಬಿಕೆಯ ಹಿಂದೆ ಒಂದು ಗಾಯವನ್ನು ತೋರಿಸುತ್ತದೆ.

ಚಿತ್ರದ ಎರಡು ಕಾಲಗಳ ನಡುವೆ ಚರಿತ್ರೆಯಲ್ಲಿ ನಡೆದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ನೆನೆಯಬೇಕು. ೧೮೬೦ರ ದಂಡಸಂಹಿತೆಯಲ್ಲಿ ಹೆಣ್ಣಿನ ಸಮ್ಮತಿಯ ವಯಸ್ಸು ಹತ್ತು. ೧೮೮೯ರಲ್ಲಿ ಕಲ್ಕತ್ತೆಯ ಫೂಲ್‌ಮಣಿಯೆಂಬ ಬಾಲಿಕೆ ಗಂಡನ ಸಂಗದಿಂದಾದ ಗಾಯದಿಂದ ಸತ್ತಳು. ಅವಳಿಗೆ ಹತ್ತು ತುಂಬಿದ್ದುದರಿಂದ ಗಂಡನ ಮೇಲೆ ಅತ್ಯಾಚಾರದ ಅಪರಾಧವನ್ನು ಹೊರಿಸುವುದು ಶಕ್ಯವಾಗಲಿಲ್ಲ. ೧೮೯೧ರ ಕಾನೂನು ಆ ವಯಸ್ಸನ್ನು ಹನ್ನೆರಡಕ್ಕೆ ಏರಿಸಿತು. ಅದಕ್ಕೂ ದೇಶದಲ್ಲಿ ಪ್ರಬಲವಾದ ವಿರೋಧ ಬಂದಿತು. ಇದನ್ನು ತಿಳಿದು ಚಿತ್ರವನ್ನು ನೋಡಿದವನಿಗೆ ಭಯವೆಲ್ಲಿದೆಯೆಂದು ಕೇಳಬೇಕಾಗುವುದಿಲ್ಲ. ಕಾಡಿನಲ್ಲಿ ಕೊಲ್ಲುವ ದೆವ್ವದಲ್ಲಿ ಅದಿಲ್ಲ. ದೀಪ ಹಚ್ಚಿದ ಮಲಗುವ ಕೋಣೆಯಲ್ಲಿದೆ.

ಚಿತ್ರದ ಅತ್ಯಂತ ಕಠೋರವಾದ ವಿಡಂಬನೆಯೂ ಆ ಕೋಣೆಯಲ್ಲಿಯೇ ಇದೆ. ಬುಲ್‌ಬುಲಳ ಮೇಲೆ ಮನೆಯಲ್ಲಿಯೇ ಅತ್ಯಾಚಾರ ನಡೆದ ಮೇಲೆ, ಓರಗಿತ್ತಿ ಬಿನೋದಿನಿ ಅವಳ ಗಾಯವನ್ನು ಒರಸುತ್ತ, ದೊಡ್ಡ ಮನೆಗಳಲ್ಲಿ ದೊಡ್ಡ ಗುಟ್ಟುಗಳಿರುತ್ತವೆ, ಸುಮ್ಮನಿರಬೇಕು ಎಂದು ಉಪದೇಶಿಸುತ್ತಾಳೆ. ಇಲ್ಲಿ ನಗೆಯಿಲ್ಲ. ಆದರೂ ಕುಲೀನತೆಯೆಂಬುದರ ಮುಸುಕು ಸಂಪೂರ್ಣವಾಗಿ ಕಳಚಿಬೀಳುತ್ತದೆ. ಹೇಳುವವಳೂ ಅದೇ ಮನೆಗೆ ಸೊಸೆಯಾಗಿ ಬಂದವಳು, ಅದೇ ಮೌನವನ್ನು ಕಲಿತವಳು ಎಂಬುದರಿಂದ ಆರೋಪ ಇನ್ನೂ ಭಾರವಾಗುತ್ತದೆ.

ಹಾಗೆಂದು ಚಿತ್ರ ನಿರ್ದೋಷವೆಂದು ನಾವು ಹೇಳಲಾರೆವು. ರಕ್ತವರ್ಣದ ಬೆಳುದಿಂಗಳು, ಕೆಂಪು ಕಾಡು, ಪ್ರತಿಯೊಂದು ಚೌಕಟ್ಟಿನ ಅಲಂಕಾರ ಇವೆಲ್ಲ ಕೂಡಿ ನೋವನ್ನು ಅಂದಗೊಳಿಸಿವೆ. ಹಿಂಸೆಯ ದೃಶ್ಯ ಕಣ್ಣಿಗೆ ಹಿತವಾಗಬಾರದು. ಹಿತವಾದರೆ ಭಯ ಕರಗುತ್ತದೆ, ಭಯದ ಜೊತೆಗೆ ಆರೋಪವೂ ಕರಗುತ್ತದೆ. ಸರಿಯಾದ ಉದ್ದೇಶವೊಂದರಿಂದಲೇ ಕೃತಿ ಸಿದ್ಧಿಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

೬

‘ಸು ಫ್ರಮ್ ಸೋ’ ಚಿತ್ರದ ಹಿನ್ನೆಲೆ ಕರಾವಳಿಯ ಒಂದು ಹಳ್ಳಿ. ಅಲ್ಲಿನ ತರುಣ ಅಶೋಕನು ತಾನು ಮೆಚ್ಚಿದ ಹುಡುಗಿಯನ್ನು ಕಾಣಲು ಬಚ್ಚಲುಮನೆಗೆ ಇಣಿಕಿ ಸಿಕ್ಕಿಬಿದ್ದಾಗ, ಮೈಮೇಲೆ ಏನೋ ಬಂದಂತೆ ನಟಿಸಿ ಪಾರಾಗುತ್ತಾನೆ. ಊರಿನವರು ಆ ನಟನೆಯನ್ನು ನಂಬುತ್ತಾರೆ; ಬಂದಿರುವವಳು ಸೋಮೇಶ್ವರದ ಸುಲೋಚನೆಯೆಂದು ನಿಶ್ಚಯವಾಗುತ್ತದೆ. ಬಿಡಿಸಲು ಕರುಣಾಕರ ಗುರೂಜಿಯೆಂಬವನನ್ನು ಕರೆತರುತ್ತಾರೆ. ನಗೆ ಊರು ತುಂಬ ಹರಿಯುತ್ತದೆ.

ಈ ಪ್ರದೇಶದ ಸಂಸ್ಕೃತಿಯನ್ನರಿಯದವರಿಗೆ ಒಂದು ಮಾತು ಹೇಳಬೇಕು. ತುಳುನಾಡಿನಲ್ಲಿ ಭೂತವೆಂದರೆ ದೈವ. ನೇಮ ಕೊಟ್ಟು ಆರಾಧಿಸುವ ಶಕ್ತಿ. ಸತ್ತವರ ಪ್ರೇತಕ್ಕೆ ‘ಕುಲೆ’ಯೆಂಬ ಬೇರೆ ಹೆಸರುಂಟು. ಮದುವೆಯಾಗದೆ ಸತ್ತವರಿಗೆ ಪ್ರೇತಮದುವೆ ಮಾಡುವ ರೂಢಿಯೂ ಅಲ್ಲುಂಟು. ಸತ್ತವರೂ ಮನೆಯವರೇ, ಅವರಿಗೆ ಸಲ್ಲಬೇಕಾದುದು ಸಲ್ಲಬೇಕು ಎಂಬ ಭಾವನೆ ಇದರ ಹಿಂದಿದೆ. ಚಿತ್ರವು ದೈವವನ್ನು ನಗೆಗೆ ಎಳೆಯದೆ ಪ್ರೇತದ ಸುತ್ತ ನಿಂತುದು ಜಾಣತನವೂ ಹೌದು, ಔಚಿತ್ಯವೂ ಹೌದು.

ಇಂಥ ಕಥೆಯಲ್ಲಿ ನಗೆಗೆ ಸುಲಭವಾಗಿ ಸಿಕ್ಕುವವರು ನಂಬಿದ ಹಳ್ಳಿಗರು. ಪಟ್ಟಣದ ಪ್ರೇಕ್ಷಕನಿಗೆ ಅದು ರುಚಿಸುತ್ತದೆ ಕೂಡ. ಚಿತ್ರದ ಮೊದಲ ಭಾಗ ಈ ಅಪಾಯದ ಅಂಚಿನಲ್ಲಿ ನಡೆಯುತ್ತದೆಂದು ಹೇಳಬೇಕು. ಅದನ್ನು ಕಾಪಾಡುವುದು 

ಸುಲೋಚನೆಯ ಮಗಳು ಭಾನುವಿನ ಬರವು. ಹೆಸರು ಮಾತ್ರವಾಗಿದ್ದ ಸುಲೋಚನೆ ಒಮ್ಮೆಲೆ ಬದುಕಿ ಸತ್ತ ಹೆಂಗಸಾಗುತ್ತಾಳೆ, ಒಬ್ಬಳ ತಾಯಿಯಾಗುತ್ತಾಳೆ. ಮಗಳಿಗೆ ನಿಜವಾದ ಕಷ್ಟವಿದೆ. ತನ್ನ ತಪ್ಪನ್ನು ಮುಚ್ಚಲು ಒಬ್ಬ ಹೆಂಗಸಿನ ಹೆಸರನ್ನು ಬಳಸಿದವನು ಆ ಹೆಸರಿಗೆ ಋಣಿಯಾಗಿ ನಿಲ್ಲಬೇಕಾಗುತ್ತದೆ. ಇಲ್ಲಿಂದ ಮುಂದೆ ಚಿತ್ರ ಭಾವುಕವಾಯಿತು, ನಗೆ ಕುಗ್ಗಿತು ಎಂಬುದು ಕೆಲವರ ದೂರು. ಕುಗ್ಗಿದುದು ಯುಕ್ತವೇ ಎಂದು ನಮಗೆ ತೋರುತ್ತದೆ. ಅದುವರೆಗಿನ ನಗೆಗೆ ಬೆಲೆ ಕೊಟ್ಟವರು ಯಾರೆಂದು ಪ್ರೇಕ್ಷಕನಿಗೆ ಆಗ ತಿಳಿಯುತ್ತದೆ. ಚಿತ್ರದ ಹೆಸರೇ ಒಬ್ಬ ಹೆಂಗಸಿನ ಹೆಸರನ್ನೂ ಊರನ್ನೂ ಎರಡು ಅಕ್ಷರಗಳಿಗೆ ಕತ್ತರಿಸಿ ಮಾಡಿದ ಚೇಷ್ಟೆ. ಕಥೆ ಮುಗಿಯುವ ಹೊತ್ತಿಗೆ ಆ ಎರಡು ಅಕ್ಷರಗಳು ಪೂರ್ತಿ ಹೆಸರಾಗಿರುತ್ತವೆ. ಚಂದೇರಿಯ ಸ್ತ್ರೀಗೆ ಸಿಕ್ಕದುದು ಸೋಮೇಶ್ವರದ ಸುಲೋಚನೆಗೆ ಸಿಕ್ಕಿತು.

೭

ನಮ್ಮ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು. ಚಲಚ್ಚಿತ್ರ ಇತಿಹಾಸಗ್ರಂಥವಲ್ಲ, ಹಣ ಕೊಟ್ಟು ಬಂದವನಿಗೆ ಹೆದರುವ ಹಕ್ಕೂ ನಗುವ ಹಕ್ಕೂ ಇದೆ ಎಂಬುದು ಮೊದಲನೆಯದು. ಇದನ್ನು ನಾವು ಒಪ್ಪುತ್ತೇವೆ. ‘ಬುಲ್‌ಬುಲ್’ ಚಿತ್ರದ ವಿಷಯದಲ್ಲಿ ಹೇಳಿದಂತೆ, ಉಪದೇಶ ಕಲೆಯ ಕೊರತೆಯನ್ನು ತುಂಬಲಾರದು. ಆದರೆ ಭಯ ಎಲ್ಲಿಂದ ಬಂದಿತೆಂಬುದನ್ನು ಅರಿತ ನಿರ್ದೇಶಕನೇ ಅದನ್ನು ಗಾಢವಾಗಿ ಮುಟ್ಟಿಸಬಲ್ಲನೆಂಬುದನ್ನೂ ನೋಡಿದ್ದೇವೆ. ಮಿನುಗುದೀಪದ ಕ್ಷಣಕ್ಕೆ ಸಮನಾದ ನಡುಕವನ್ನು ಕರ್ಕಶ ಸದ್ದು ಹುಟ್ಟಿಸಲಾರದು.

ಎರಡನೆಯದು ವಿಚಾರವಾದಿಗಳ ಆಕ್ಷೇಪ: ದೆವ್ವವನ್ನು ನಿಜವೆಂಬಂತೆ ತೋರಿಸುವ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆ. ಈ ಆತಂಕ ಗೌರವಾರ್ಹವಾದುದು. ಆದರೂ ನಂಬಿಕೆಯನ್ನು ಗೇಲಿ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮಾಟಗಾತಿಯೆಂದು ಒಬ್ಬಳನ್ನು ಹೊಡೆಯುವ ಗುಂಪಿಗೆ ದೆವ್ವವಿಲ್ಲವೆಂದು ಹೇಳುವುದು ಅವಶ್ಯಕ. ಆಕೆಗೊಂದು ಹೆಸರಿದೆ, ಮಕ್ಕಳಿದ್ದಾರೆ, ಎಷ್ಟೋ ವೇಳೆ ಇತರರು ಬಯಸುವ ಹೊಲವೂ ಇದೆಯೆಂದು ತೋರಿಸುವುದು ಅಷ್ಟೇ ಅವಶ್ಯಕ. ಒಳ್ಳೆಯ ಭೀತಿಚಿತ್ರ ಈ ಎರಡನೆಯ ಕೆಲಸವನ್ನು ಮಾಡಬಲ್ಲುದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಭಯಾನಕಕ್ಕೂ ಹಾಸ್ಯಕ್ಕೂ ವಿರೋಧವುಂಟು. ಆಶ್ರಯವನ್ನು ಸರಿಯಾಗಿ ಹಂಚಿದಲ್ಲಿ ಅದು ಪರಿಹಾರವಾಗುತ್ತದೆ. ವಿಡಂಬನೆಯು ಆರೋಪಿಯನ್ನು ಕೊನೆಯವರೆಗೂ ಬಿಡಬಾರದು. ಅವನನ್ನು ಭಕ್ತನನ್ನಾಗಿ ಮಾಡಿ ಬಿಡುಗಡೆ ಮಾಡಿದರೆ ಅದು ಸೋಲುತ್ತದೆ. ದೆವ್ವದ ಹಿಂದೆ ಒಬ್ಬ ಮನುಷ್ಯನಿದ್ದರೆ ಆ ಮನುಷ್ಯನನ್ನು ಹುಡುಕುವ ಚಿತ್ರ, ಹುಡುಕದ ಚಿತ್ರಕ್ಕಿಂತ ಮೇಲು. ವಿದ್ಯಾರ್ಥಿಗಳು ಮುಂದೆ ಇಂಥ ಚಿತ್ರಗಳನ್ನು ಕುರಿತು ವಾದಿಸುವಾಗ, ಎಷ್ಟು ಬಾರಿ ಬೆಚ್ಚಿದೆವು, ಎಷ್ಟು ಬಾರಿ ನಕ್ಕೆವು ಎಂಬ ಲೆಕ್ಕದ ಜೊತೆಗೆ ಸತ್ತವಳ ಹೆಸರೇನೆಂಬ ಪ್ರಶ್ನೆಯನ್ನೂ ಕೇಳಲೆಂಬುದು ನಮ್ಮ ಸೂಚನೆ. ಜನಪದದ ದೆವ್ವಗಳಲ್ಲಿ ಹೆಸರುಳ್ಳವು ಎಷ್ಟು, ಹೆಸರಿಲ್ಲದವು ಎಷ್ಟು, ಹೆಸರು ಕಳೆದುಹೋದುದು ಯಾವಾಗ ಎಂಬುದು ನಮ್ಮ ಜಿಲ್ಲೆಗಳಲ್ಲಿ ಊರೂರು ತಿರುಗಿ ಮಾಡಬೇಕಾದ ಸಂಶೋಧನೆ. ಅದಕ್ಕೆ ಈ ಚಿತ್ರಗಳು ಪ್ರೇರಣೆಯಾದರೆ ಚಿತ್ರರಸಿಕರ ವಾದ ವ್ಯರ್ಥವಾಗಲಿಲ್ಲವೆಂದು ತಿಳಿಯುವೆವು.